ತಮಿಳು ಓದಲು ಬರುತ್ತದೆ, ಯಾರಾದರೂ ಮಾತಾಡಿದರೆ ತಿಳಿಯುವುದಿಲ್ಲ. ಏನು ಮಾಡಲಿ?

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 37. ಗಂಡನ ಕೆಲಸದ ಸಲುವಾಗಿ 8 ತಿಂಗಳ ಹಿಂದೆ ಚೆನ್ನೈಗೆ ಬಂದೆವು, ವೇಳಚ್ಚೇರಿಯಲ್ಲಿ ಮನೆ. 30 ದಿನದಲ್ಲಿ ತಮಿಳು ಕಲಿಸುವ ಪುಸ್ತಕ ತಂದು ಪೂರ್ತಿ ಮುಗಿಸಿದೆ. ಅಕ್ಷರ ಬರುತ್ತದೆ, ಬಸ್ಸಿನ ಬೋರ್ಡು ಓದುತ್ತೇನೆ. ಆದರೆ ಮನೆ ಓನರ್ ಆಂಟಿ ಮಾತಾಡಿದರೆ ಒಂದು ಪದವೂ ಕೈಗೆ ಸಿಗುವುದಿಲ್ಲ. ನಾನು ಪುಸ್ತಕದಲ್ಲಿದ್ದ ಹಾಗೆ ಮಾತಾಡಿದರೆ ಅಂಗಡಿಯವರು ನಕ್ಕು ಇಂಗ್ಲಿಷಿಗೆ ಹೋಗುತ್ತಾರೆ. ಎರಡನೇ ಕ್ಲಾಸಿನ ಮಗ ಮಾತ್ರ ಗೆಳೆಯರ ಜೊತೆ ಆಗಲೇ ಮಾತಾಡುತ್ತಾನೆ. ದಿನವಿಡೀ ತಮಿಳು ನ್ಯೂಸ್ ಹಾಕಿಕೊಂಡೇ ಅಡುಗೆ ಮಾಡುತ್ತೇನೆ, ಏನೂ ಪ್ರಯೋಜನ ಕಾಣುತ್ತಿಲ್ಲ. ನನ್ನ ವಯಸ್ಸಿನ ತೊಂದರೆಯಾ? ಕ್ಲಾಸಿಗೆ ಸೇರಲಾ?

ಉತ್ತರ:

ಮೊದಲು ನ್ಯೂಸ್ ಚಾನೆಲ್ ಆಫ್ ಮಾಡಿ. ನಿಮಗೆ ಈಗ ಬೇಕಾಗಿರುವ ತಮಿಳು ಅದರಲ್ಲಿ ಇಲ್ಲ.

ನಿಮ್ಮ ತೊಂದರೆ ವಯಸ್ಸಿನದಲ್ಲ, ಬುದ್ಧಿಯದೂ ಅಲ್ಲ. ನೀವು 8 ತಿಂಗಳು ಕಷ್ಟಪಟ್ಟು ಕಲಿತದ್ದು ಬರೆಯುವ ತಮಿಳು. ಅದನ್ನು ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಯಾರೂ ಮಾತಾಡುವುದಿಲ್ಲ. ಪುಸ್ತಕದಲ್ಲಿ 'ಎಂಗೇ ಪೋಗವೇಂಡುಂ' ಅಂತ ಇರುತ್ತದೆ, ಆಟೋದವನ ಬಾಯಲ್ಲಿ ಅದು 'ಎಂಗ ಪೋಣುಂ'. ಪುಸ್ತಕದ 'ಸಾಪ್ಪಿಟ್ಟೀರ್ಗಳಾ' ನಿಮ್ಮ ಓನರ್ ಆಂಟಿಯ ಬಾಯಲ್ಲಿ 'ಸಾಪ್ಟೀಂಗಳಾ'. 'ಎನ್ನ ಸೆಯ್‌ಗಿರೀರ್ಗಳ್' ಅನ್ನುವುದಂತೂ ಪೂರ್ತಿ ಬೇರೆಯಾಗಿ 'ಎನ್ನ ಪಣ್ರೀಂಗ' ಆಗಿಬಿಡುತ್ತದೆ, ಕ್ರಿಯಾಪದವೇ ಬದಲು. ನಮ್ಮಲ್ಲೂ 'ಬರುತ್ತಿದ್ದೇನೆ' ಅಂತ ಬರೆದು 'ಬರ್ತಿದೀನಿ' ಅಂತ ಹೇಳುತ್ತೇವೆ, ನಿಮ್ಮ ಕಡೆ 'ಬರಾಕತ್ತೀನಿ'ಯೂ ಕೇಳಿಬರುತ್ತದೆ, ಆದರೆ ತಮಿಳಿನಲ್ಲಿ ಈ ಅಂತರ ಜಾಸ್ತಿ. ಒಂದೇ ಭಾಷೆ ಬರಹಕ್ಕೆ ಒಂದು ರೂಪ, ಮಾತಿಗೆ ಇನ್ನೊಂದು ರೂಪ ಇಟ್ಟುಕೊಳ್ಳುವುದಕ್ಕೆ ಭಾಷಾಶಾಸ್ತ್ರದಲ್ಲಿ ಡೈಗ್ಲಾಸಿಯಾ ಎನ್ನುತ್ತಾರೆ. ಚಾರ್ಲ್ಸ್ ಫರ್ಗುಸನ್ 1959ರಲ್ಲಿ ಬರೆದ ಲೇಖನದಿಂದ ಈ ಮಾತು ಎಲ್ಲರ ಬಳಕೆಗೆ ಬಂತು. ಅರಬ್ಬಿ ಕಲಿಯುವವರೂ ಇದೇ ಗೋಡೆಗೆ ತಲೆ ಕೊಡುತ್ತಾರೆ.

ನ್ಯೂಸ್ ಓದುವವರು, ಮೆಟ್ರೋದಲ್ಲಿ 'ಅಡುತ್ತ ನಿಲೈಯಂ' ಅಂತ ಹೇಳುವ ದನಿ, ವೇದಿಕೆಯ ಭಾಷಣ ಎಲ್ಲವೂ ಬರಹದ ತಮಿಳಿನ ಕಡೆಯವು. ಅವನ್ನು ಎಷ್ಟು ಕೇಳಿದರೂ ಓನರ್ ಆಂಟಿ ಅರ್ಥವಾಗುವುದಿಲ್ಲ. ಟಿವಿ ಬೇಕೇ ಬೇಕು ಅಂದರೆ ಮನೆ ಒಳಗೇ ನಡೆಯುವ ಧಾರಾವಾಹಿ ನೋಡಿ, ಅಡುಗೆ ಮಾಡಿ ತೋರಿಸುವ ಹೆಂಗಸರ ಯೂಟ್ಯೂಬ್ ವಿಡಿಯೋ ನೋಡಿ, ಎಫ್‌ಎಂನಲ್ಲಿ ಕೇಳುಗರು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ ಹಾಕಿಕೊಳ್ಳಿ. ನಾನಾದರೆ ಅಡುಗೆ ವಿಡಿಯೋಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ಅವರು 'ಉಪ್ಪು ಪೋಡುಂಗ' ಅನ್ನುವಾಗ ಉಪ್ಪು ಹಾಕುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಬಿದ್ದ ಸದ್ದಿಗೆ ಅರ್ಥ ಅಲ್ಲೇ ಅಂಟಿಕೊಳ್ಳುತ್ತದೆ, ಡಿಕ್ಷನರಿ ತೆಗೆಯುವ ಕೆಲಸವೇ ಇಲ್ಲ.

ಈಗ ಒಂದು ಒಳ್ಳೆಯ ಸುದ್ದಿ ಹೇಳುತ್ತೇನೆ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ತಮಿಳು ಕಲಿಸಲು ಸುಮಾರು 44 ವಾರ, 1100 ಗಂಟೆ ತರಗತಿ ಬೇಕು ಎಂದು ಲೆಕ್ಕ ಹಾಕಿಕೊಂಡಿದೆ. ಅದು ಇಂಗ್ಲಿಷ್ ಮಾತಾಡುವವರ ಲೆಕ್ಕ. ಆ ಗಂಟೆಗಳಲ್ಲಿ ದೊಡ್ಡ ಪಾಲು ಹೋಗುವುದು ಕ್ರಿಯಾಪದವನ್ನು ಕೊನೆಗೆ ಇಡುವುದಕ್ಕೆ, ವಿಭಕ್ತಿಯನ್ನು ಪದದ ಬಾಲಕ್ಕೆ ಅಂಟಿಸುವುದಕ್ಕೆ, ಳ ಣ ಬಾಯಿಗೆ ತರುವುದಕ್ಕೆ. ಅದೆಲ್ಲ ನಿಮಗೆ ಹುಟ್ಟಿನಿಂದಲೇ ಬಂದಿದೆ. 'ಅವರು ನಾಳೆ ಬರ್ತೀನಿ ಅಂತ ಹೇಳಿದ್ರು' ಅನ್ನುವುದು ತಮಿಳಿನಲ್ಲಿ 'ಅವಂಗ ನಾಳೈಕ್ಕಿ ವರೇನ್ನು ಸೊನ್ನಾಂಗ'. ಪದಕ್ಕೆ ಪದ, ಅದೇ ಸಾಲು, ಅದೇ ಜಾಗ. ನಮ್ಮ 'ಅಂತ' ಕೂತಿರುವ ಕಡೆ ಅವರ 'ನ್ನು' ಕೂತಿದೆ, ಅಷ್ಟೇ. ನಮ್ಮ 'ಬರ್ತೀರಿ ತಾನೇ?' ಅವರಲ್ಲೂ 'ವರುವೀಂಗ ತಾನೇ?'. ನಾವು ಸುಮ್ನೆ ಬಂದೆ ಅಂತೀವಲ್ಲ, ಅವರು 'ಸುಮ್ಮಾ ವಂದೇನ್' ಅನ್ನುತ್ತಾರೆ. ಮನೆಯಿಂದ ಹೊರಡುವಾಗ ನಾವು 'ಹೋಗ್ತೀನಿ' ಅನ್ನದೆ 'ಹೋಗಿ ಬರ್ತೀನಿ' ಅನ್ನುತ್ತೇವೆ. ಅವರೂ 'ಪೋಯಿಟ್ಟು ವರೇನ್' ಅನ್ನುತ್ತಾರೆ, ಬರೀ 'ಪೋರೇನ್' ಅಂದರೆ ಹಿರಿಯರು ತಡೆದು ತಿದ್ದುತ್ತಾರೆ. ಇಷ್ಟು ಹತ್ತಿರದ ಭಾಷೆಯನ್ನು ಪೂರ್ತಿ ಹೊಸದು ಅಂದುಕೊಂಡು ಪುಸ್ತಕದ ಮೊದಲ ಪಾಠದಿಂದ ಶುರು ಮಾಡುವುದು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಮನೆಯ ಅಟ್ಟದಲ್ಲೇ ಇರುವ ಪಾತ್ರೆಯನ್ನು ಅಂಗಡಿಯಿಂದ ತಂದ ಹಾಗೆ ಅದು.

ಕಿವಿಗೆ ಮೂರು ಬೀಗದ ಕೈ ಕೊಡುತ್ತೇನೆ. ನಮ್ಮ ಪದ ಹ ಇಂದ ಶುರುವಾದರೆ ಅಲ್ಲಿ ಪ ಹಾಕಿ ನೋಡಿ: ಹಾಲು ಪಾಲ್, ಹುಲಿ ಪುಲಿ, ಹೂ ಪೂ, ಹಲ್ಲು ಪಲ್ಲು, ಹತ್ತು ಪತ್ತು, ಹೋಗು ಪೋ. ಹಳಗನ್ನಡದಲ್ಲಿ ನಾವೂ ಪಾಲು, ಪುಲಿ ಅಂತಲೇ ಅನ್ನುತ್ತಿದ್ದೆವು, ಆಮೇಲೆ ನಮ್ಮ ಪ ಸವೆದು ಹ ಆಯಿತು. ನಮ್ಮ ಬ ಇದ್ದ ಕಡೆ ವ ಹಾಕಿ: ಬಾ ವಾ, ಬೇರು ವೇರು, ಬೆಣ್ಣೆ ವೆಣ್ಣೆ, ಬೆಂಡೆಕಾಯಿ ವೆಂಡಕ್ಕಾ, ಬಂಡಿ ವಂಡಿ, ಬೇಡ ವೇಣಾಂ. ಇನ್ನು ನಮ್ಮ ಪದದ ಕೊನೆಯ ಎ ಅವರ ಮಾತಿನಲ್ಲಿ ಸಾಮಾನ್ಯವಾಗಿ ಅ ಆಗುತ್ತದೆ. ಪುಸ್ತಕದಲ್ಲಿ ನೀವು 'ತಲೈ', 'ಇಲೈ', 'ವಿಲೈ' ಅಂತ ಓದಿರುತ್ತೀರಿ, ಅದನ್ನು ಮರೆತುಬಿಡಿ. ನಮ್ಮ ತಲೆ ಅವರ ತಲ, ನಮ್ಮ ಎಲೆ ಅವರ ಎಲ, ನಮ್ಮ ಬೆಲೆ ಅವರ ವೆಲ. ನೋಡಿದಿರಾ, ಮಾತಿನ ತಮಿಳು ಪುಸ್ತಕದ ತಮಿಳಿಗಿಂತ ನಮಗೇ ಹತ್ತಿರ ಬಂತು. ಈ ಮೂರು ಕೈ ಹಿಡಿದುಕೊಂಡು ಒಂದು ವಾರ ತರಕಾರಿ ಅಂಗಡಿ ಮುಂದೆ ಸುಮ್ನೆ ನಿಂತು ಕೇಳಿಸಿಕೊಳ್ಳಿ, ಗಲಾಟೆಯ ಒಳಗಿಂದ ಗುರುತಿನ ಮುಖಗಳು ಒಂದೊಂದಾಗಿ ಹೊರಗೆ ಬರುತ್ತವೆ.

ಇನ್ನೊಂದು ಸಂಗತಿ ಕಿವಿಗೆ ಮೋಸ ಮಾಡುತ್ತದೆ. ಪದದ ಕೊನೆಯ ನ್, ಮ್ ಅವರು ಪೂರ್ತಿ ಹೇಳುವುದಿಲ್ಲ, ಮೂಗಿನಲ್ಲಿ ಬಿಟ್ಟುಬಿಡುತ್ತಾರೆ. ನಾನ್ ಅನ್ನುವುದು ಮೂಗಿನ 'ನಾ' ಆಗುತ್ತದೆ, ಮರಂ ಅನ್ನುವುದು ಮೂಗಿನ 'ಮರೊ' ಆಗುತ್ತದೆ. ನೀವು ಆ ನ್ ಬರುತ್ತದೆ ಅಂತ ಕಾಯುತ್ತಾ ಇದ್ದರೆ ಅಷ್ಟರಲ್ಲಿ ಅವರು ಮುಂದಿನ ವಾಕ್ಯಕ್ಕೆ ಹೋಗಿರುತ್ತಾರೆ. ಕಾಯಬೇಡಿ. ಹಾಗೇ ತಮಿಳು ಲಿಪಿಯಲ್ಲಿ ಕ ಗ ಎರಡಕ್ಕೂ ಒಂದೇ ಅಕ್ಷರ, ತ ದ ಎರಡಕ್ಕೂ ಒಂದೇ. ಗಾಂಧಿ ಅನ್ನುವುದನ್ನು ಕಾಂತಿ ಅಂತ ಬರೆದು ಗಾಂದಿ ಅಂತ ಓದುತ್ತಾರೆ. ಅಕ್ಷರದಿಂದ ಶುರು ಮಾಡಿದವರು ಕಣ್ಣಿಗೆ ಕಂಡದ್ದನ್ನೇ ಹೇಳಿ, ಕೇಳುವವರಿಗೆ ಪದವೇ ಗುರುತು ಸಿಗದ ಹಾಗೆ ಮಾಡುತ್ತಾರೆ. ಅಂಗಡಿಯವರ ನಗುವಿಗೆ ಇದೂ ಒಂದು ಕಾರಣ ಇರಬಹುದು. ಆ ನಗುವಿನಲ್ಲಿ ಕೆಟ್ಟದ್ದೇನೂ ಇಲ್ಲ ಅನ್ನಿ. ದಾವಣಗೆರೆಯ ಸಂತೆಯಲ್ಲಿ ಯಾರಾದರೂ ಬಂದು 'ಈ ಬದನೆಕಾಯಿಗಳ ಬೆಲೆಯು ಎಷ್ಟಾಗಿರುತ್ತದೆ' ಅಂತ ಕೇಳಿದರೆ ನಿಮಗೂ ಮುಖ ಅರಳುತ್ತಿತ್ತು, ಅಲ್ವಾ?

ಹತ್ತಿರದ ಭಾಷೆ ಅಂದಮೇಲೆ ಹಳ್ಳಗಳೂ ಇವೆ. ದಾವಣಗೆರೆಯವರಿಗೆ ಒಂದಂತೂ ಕಟ್ಟಿಟ್ಟದ್ದು. ನಿಮ್ಮ ಮಾತಿನ 'ಹೆಂಗ, ಹಂಗ, ಹಿಂಗ' ಇದೆಯಲ್ಲ, ಅವರ 'ಎಂಗ, ಅಂಗ, ಇಂಗ' ಕಿವಿಗೆ ಥೇಟ್ ಅದೇ ಥರ ಬೀಳುತ್ತವೆ. ಆದರೆ ಅವರ ಎಂಗ ಅಂದರೆ ಎಲ್ಲಿ, ಅಂಗ ಅಂದರೆ ಅಲ್ಲಿ, ಇಂಗ ಅಂದರೆ ಇಲ್ಲಿ. ಹೇಗೆ ಅನ್ನುವುದಕ್ಕೆ ಅವರು 'ಎಪ್ಪಡಿ' ಅನ್ನುತ್ತಾರೆ. ಹಾವೇರಿ ಕಡೆಯ ವಿದ್ಯಾರ್ಥಿಯೊಬ್ಬರು ಆಟೋದವರು 'ಎಂಗ ಪೋಣುಂ' ಅಂದಾಗಲೆಲ್ಲ 'ಹೆಂಗ ಹೋಗಬೇಕು' ಅಂತ ದಾರಿ ಕೇಳುತ್ತಿದ್ದಾರೆ ಅಂದುಕೊಂಡು, ದಾರಿ ಗೊತ್ತಿಲ್ಲದೆ ಮೂರು ತಿಂಗಳು ಆಟೋ ಹತ್ತುವುದನ್ನೇ ಬಿಟ್ಟಿದ್ದರು. ಅವರು ಕೇಳುತ್ತಿದ್ದದ್ದು ಎಲ್ಲಿಗೆ ಹೋಗಬೇಕು ಅಂತ ಮಾತ್ರ.

ನಿಮ್ಮ ಓನರ್ ಆಂಟಿ 'ಮೊಟ್ಟಮಾಡಿಲ ತುಣಿ ಕಾಯಪ್ಪೋಡುಂಗ' ಅಂದಿರುತ್ತಾರೆ, ಖಂಡಿತ. ಮೊಟ್ಟೆಗೂ ಅದಕ್ಕೂ ಸಂಬಂಧ ಇಲ್ಲ, ಮಾಡುವುದಕ್ಕೂ ಇಲ್ಲ. ಮಾಡಿ ಅಂದರೆ ಮಹಡಿ, ಮೊಟ್ಟಮಾಡಿ ಅಂದರೆ ತಾರಸಿ. ತಾರಸಿಯಲ್ಲಿ ಬಟ್ಟೆ ಒಣಹಾಕಿ ಅನ್ನುತ್ತಿದ್ದಾರೆ. 'ಮೊದಲ್ ಮಾಡಿ' ಅಂದರೆ ಶುರು ಮಾಡಿ ಅಂತಲ್ಲ, ಮೊದಲನೇ ಮಹಡಿ. ಬರೀ 'ಮಾಡು' ಅಂದರೆ ದನ. ನಾವು ಮಾಡು ಅನ್ನುವ ಕಡೆ ಅವರು 'ಪಣ್ಣು' ಅನ್ನುತ್ತಾರೆ, ಅದು ನಮ್ಮ ಹಣ್ಣಲ್ಲ. ಹಣ್ಣಿಗೆ ಅವರದು ಪಳಂ. 'ಮೋರ್' ಮೊಸರಲ್ಲ, ಮಜ್ಜಿಗೆ, ಮೊಸರು ತಯಿರ್. 'ತೂಂಗು' ಅಂದರೆ ತೊಟ್ಟಿಲು ತೂಗುವುದಲ್ಲ, ನಿದ್ದೆ ಮಾಡುವುದು. ನಮ್ಮ ತೂಕಡಿಸು ನೆನಪಿಸಿಕೊಂಡರೆ ಆ ಪದ ಮತ್ತೆ ಮರೆಯುವುದಿಲ್ಲ. 'ತಣ್ಣಿ' ಅಂದರೆ ಬರೀ ನೀರು, ತಣ್ಣೀರೇ ಆಗಬೇಕಿಲ್ಲ. ಬಿಸಿನೀರಿಗೂ ಅವರು 'ಸುಡುತಣ್ಣಿ' ಅನ್ನುತ್ತಾರೆ!

ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು 'ವರಲ'. ಕನ್ನಡದ ಕಿವಿಗೆ ಅದು 'ಬರಲ್ಲ' ಅಂತ ಕೇಳುತ್ತದೆ. ಆದರೆ ಅದರ ಅರ್ಥ ಬರಲಿಲ್ಲ, ಇನ್ನೂ ಬಂದಿಲ್ಲ ಅಂತ. ಬರುವುದಿಲ್ಲ ಅನ್ನುವುದಕ್ಕೆ 'ವರಮಾಟ್ಟಾಂಗ' ಅನ್ನಬೇಕು. ಪ್ಲಂಬರ್ ವರಲ ಅಂದರೆ ಕಾಯಬಹುದು, ವರಮಾಟ್ಟಾರ್ ಅಂದರೆ ಬೇರೆಯವರನ್ನು ಹುಡುಕಬೇಕು.

ಲೆಕ್ಕದಲ್ಲೂ ಹೀಗೇ. 'ತೊಣ್ಣೂರು' ಅನ್ನುವುದರಲ್ಲಿ ನೂರು ಕೇಳಿಸುತ್ತದೆ, ಆದರೆ ಅದು 90. 'ತೊಳ್ಳಾಯಿರಂ' ಅನ್ನುವುದರಲ್ಲಿ ಸಾವಿರಕ್ಕೆ ಹೇಳುವ ಆಯಿರಂ ಕೇಳಿಸುತ್ತದೆ, ಅದು 900. ಒಂಬದು 9, ಅಂಬದು 50, ಎಂಬದು 80. ಗಾಡಿಯವನು ವೇಗವಾಗಿ ಹೇಳಿದರೆ ಈ ಮೂರನ್ನೂ ಬಿಡಿಸಿಕೊಳ್ಳಲು ಹೊಸಬರಿಗೆ ಆಗುವುದಿಲ್ಲ. ಇದನ್ನು ಮನೆಯಲ್ಲಿ ಬಾಯಿಪಾಠ ಮಾಡಿ ಉಪಯೋಗವಿಲ್ಲ, ಬೆಲೆ ಗೊತ್ತಿರುವ ಸಾಮಾನು ಕೊಳ್ಳುವಾಗಲೇ ಕೇಳಿ ಕೇಳಿ ಕೂರಿಸಿಕೊಳ್ಳಬೇಕು.

ಇನ್ನು ಹೇಗೆ ಕಲಿಯಬೇಕು ಅನ್ನುವುದಕ್ಕೆ ಬರುತ್ತೇನೆ, ನೀವು ಕೇಳಿದ್ದೂ ಅದನ್ನೇ.

ನನ್ನ ಅನುಭವದಲ್ಲಿ ಬೇಗ ಕಲಿತವರೆಲ್ಲ ಒಂದು ಕೆಲಸ ಮಾಡಿದ್ದಾರೆ. ಅವರು 'ತಮಿಳು' ಕಲಿಯಲು ಹೋಗಲಿಲ್ಲ. ಒಬ್ಬರ ಮಾತು ಕಲಿತರು. ಒಬ್ಬ ಹೂವಿನವಳು, ಒಬ್ಬ ಇಸ್ತ್ರಿಯವರು, ಒಬ್ಬರು ಓನರ್ ಆಂಟಿ. ದಿನಾ ಅದೇ ಮನುಷ್ಯರು, ಅದೇ ಹೊತ್ತು, ಹೆಚ್ಚುಕಮ್ಮಿ ಅದೇ ಮಾತು. ಇದು ಏಕೆ ಕೆಲಸ ಮಾಡುತ್ತದೆ ಎಂದರೆ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಅರ್ಧ ಊಹೆಯೇ. ಫ್ಯಾನ್ ಸದ್ದಿನಲ್ಲಿ ಗಂಡ ಏನೋ ಅಂದರೆ ಅರ್ಧ ಪದ ಕೇಳದಿದ್ದರೂ ನಿಮಗೆ ತಿಳಿಯುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ಅವರು ಏನು ಅನ್ನಬಹುದು ಅಂತ ನಿಮಗೆ ಗೊತ್ತು. ಅಪರಿಚಿತರ ಹೊಸ ಮಾತಿನಲ್ಲಿ ಆ ಊಹೆಗೆ ದಾರಿಯೇ ಇಲ್ಲ. ಇಸ್ತ್ರಿಯವರು ಏನು ಕೇಳಬಹುದು? ಎಷ್ಟು ಬಟ್ಟೆ, ಯಾವಾಗ ಬೇಕು, ಚಿಲ್ಲರೆ ಇದೆಯಾ. ಮೂರೇ ಪ್ರಶ್ನೆ. ನಾಲ್ಕನೇ ದಿನಕ್ಕೆ ಅವರ ದನಿಯ ಏರಿಳಿತ ನಿಮಗೆ ಗೊತ್ತಾಗುತ್ತದೆ. ಹತ್ತನೇ ದಿನ ಅವರು ಹೊಸದೊಂದು ಮಾತು ಸೇರಿಸುತ್ತಾರೆ, ಮಳೆಯದೋ ಕರೆಂಟಿನದೋ. ಉಳಿದದ್ದೆಲ್ಲ ಗೊತ್ತಿರುವುದರಿಂದ ಆ ಒಂದೇ ಹೊಸ ಪದ ಎದ್ದು ಕಾಣುತ್ತದೆ. ಅಮೆರಿಕದ ಭಾಷಾಶಾಸ್ತ್ರಜ್ಞ ಸ್ಟೀಫನ್ ಕ್ರಾಶನ್ 1980ರ ಹೊತ್ತಿನಲ್ಲಿ ಹೇಳಿದ್ದರ ಸಾರ ಇದೇ: ನಮಗೆ ಗೊತ್ತಿರುವುದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿರುವ, ಆದರೆ ಸಂದರ್ಭದಿಂದ ಅರ್ಥವಾಗುವ ಮಾತು ಕಿವಿಗೆ ಬೀಳುತ್ತಿದ್ದರೆ ಭಾಷೆ ಬರುತ್ತದೆ. ನಿಮ್ಮ ನ್ಯೂಸ್ ಚಾನೆಲ್ ನಿಮಗಿಂತ ಇಪ್ಪತ್ತು ಮೆಟ್ಟಿಲು ಮೇಲಿತ್ತು, ಸಂದರ್ಭವೂ ಇರಲಿಲ್ಲ. ಎಂಟು ತಿಂಗಳು ಅದು ಬರೀ ಸದ್ದಾಗಿಯೇ ಉಳಿಯಿತು.

ಎದುರಿಗೆ ಮನುಷ್ಯರು ಇರಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೂಸುಗಳು ಭಾಷೆ ಕಲಿಯುವ ಬಗೆಯನ್ನು ಸಂಶೋಧಿಸುವ ಪೆಟ್ರೀಷಿಯಾ ಕೂಲ್ ಮತ್ತು ಅವರ ಜೊತೆಗಾರರು 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಮೆರಿಕದ 9 ತಿಂಗಳ ಕೂಸುಗಳ ಎದುರು ಚೀನೀ ಮ್ಯಾಂಡರಿನ್ ಮಾತಾಡುವವರು ಕೂತು ಆಟ ಆಡಿಸುತ್ತಾ, ಪುಸ್ತಕ ಓದುತ್ತಾ 12 ಸಲ ಮಾತಾಡಿದರು. ಆ ಕೂಸುಗಳು ಮ್ಯಾಂಡರಿನ್ನಿನ ಧ್ವನಿ ವ್ಯತ್ಯಾಸ ಗುರುತಿಸುವುದನ್ನು ಕಲಿತವು. ಇನ್ನೊಂದು ಗುಂಪಿಗೆ ಅದೇ ಮಾತನ್ನು ಟಿವಿಯಲ್ಲಿ ತೋರಿಸಿದರು, ಅವು ಕಲಿಯಲಿಲ್ಲ. ಕೂಸಿನ ವಿಷಯ ದೊಡ್ಡವರಿಗೆ ಹಾಗೇ ಅನ್ವಯಿಸುವುದಿಲ್ಲ, ನಾವು ರೆಕಾರ್ಡಿಂಗ್‌ನಿಂದಲೂ ಕಲಿಯಬಲ್ಲೆವು. ಆದರೂ ನಿಮ್ಮ ಕಣ್ಣು ನೋಡುತ್ತಾ, ನಿಮ್ಮ ಉತ್ತರಕ್ಕೆ ಕಾಯುವ ಒಬ್ಬರು ಎದುರಿಗಿದ್ದಾಗ ಕಿವಿ ಬೇರೆ ಥರ ತೆರೆದುಕೊಳ್ಳುತ್ತದೆ. ಇದನ್ನು ನಾನು ತರಗತಿಯಲ್ಲಿ ವರ್ಷಗಟ್ಟಲೆ ನೋಡಿದ್ದೇನೆ.

ನಿಮ್ಮ ಓನರ್ ಆಂಟಿ ದೊಡ್ಡ ಆಸ್ತಿ. ಅವರ ಜೊತೆ ಅಡುಗೆ ಮಾತು ಶುರು ಮಾಡಿ. ದಿನಾ ಬೆಳಿಗ್ಗೆ 'ಇನ್ನಿಕ್ಕಿ ಎನ್ನ ಸಮಯಲ್?' ಅಂತ ಕೇಳಿ, ಇವತ್ತು ಏನಡುಗೆ ಅಂತ. ಅವರು ಕೊಳಂಬು, ರಸಂ, ಪೊರಿಯಲ್, ಕೂಟ್ಟು ಅಂತ ಏನೋ ಹೇಳುತ್ತಾರೆ. ನಾಲ್ಕು ದಿನದಲ್ಲಿ ತಕ್ಕಾಳಿ ಟೊಮೆಟೊ, ವೆಂಗಾಯಂ ಈರುಳ್ಳಿ, ಕತ್ತರಿಕ್ಕಾ ಬದನೆಕಾಯಿ ಅಂತ ತಾನಾಗಿ ಕೂತುಕೊಳ್ಳುತ್ತದೆ. ಐದನೇ ದಿನ 'ಎಪ್ಪಡಿ ಪಣ್ಣುವೀಂಗ?', ಹೇಗೆ ಮಾಡ್ತೀರಿ ಅಂತ ಕೇಳಿ. ಅಡುಗೆ ಹೇಳಿಕೊಡುವ ಹೆಂಗಸು ಯಾವ ಊರಿನಲ್ಲೂ ಅರ್ಧಕ್ಕೆ ನಿಲ್ಲಿಸುವುದಿಲ್ಲ. ನಿಮಗೆ ಹತ್ತು ನಿಮಿಷ ಒಳ್ಳೆಯ, ಸಂದರ್ಭ ಗೊತ್ತಿರುವ, ನಿಧಾನದ ತಮಿಳು ಸಿಗುತ್ತದೆ. ಬದಲಿಗೆ ನೀವು ಬೆಣ್ಣೆ ದೋಸೆ ಮಾಡಿಕೊಡಿ, 'ವೆಣ್ಣೆ ದೋಸ' ಅಂದರೆ ಅವರಿಗೆ ಒಡನೇ ತಿಳಿಯುತ್ತದೆ. ದಾವಣಗೆರೆಯವರಿಗೆ ಇದಕ್ಕಿಂತ ಒಳ್ಳೆ ಮೊದಲ ಪಾಠ ನನಗೆ ತೋಚುವುದಿಲ್ಲ.

ಅವರು ಒಪ್ಪಿದರೆ ಒಂದು ಸಹಾಯ ಕೇಳಿ. ವಾಟ್ಸಾಪ್‌ನಲ್ಲಿ ಟೈಪ್ ಮಾಡುವ ಬದಲು ವಾಯ್ಸ್ ಮೆಸೇಜ್ ಕಳಿಸಲಿ. ನೀರಿನ ಟ್ಯಾಂಕರ್ ಬರುವ ಸುದ್ದಿ, ಕರೆಂಟ್ ಬಿಲ್ಲು, ಏನಾದರೂ ಸರಿ. 20 ಸೆಕೆಂಡಿನ ಒಂದು ಮೆಸೇಜನ್ನು ದಿನಕ್ಕೆ ಹತ್ತು ಸಲ ಕೇಳಿ. ಮೊದಲ ಮೂರು ಸಲ ಏನನ್ನೂ ಬರೆಯಬೇಡಿ, ಅರ್ಥವನ್ನೂ ಹುಡುಕಬೇಡಿ, ದನಿ ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತಷ್ಟೇ ಕೇಳಿ. ಆಮೇಲೆ ಕೇಳಿದ್ದನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ, ಕಿವಿಗೆ ಬಿದ್ದ ಹಾಗೆ. ತಮಿಳು ಲಿಪಿಯಲ್ಲಿ ಬರೆಯಲು ಹೋದರೆ ಮತ್ತೆ ಪುಸ್ತಕದ ತಮಿಳು ಬಂದು ಕೂರುತ್ತದೆ. ಕನ್ನಡದಲ್ಲಿ ಗ, ದ, ಬ ಎಲ್ಲ ಬೇರೆ ಬೇರೆ ಇರುವುದರಿಂದ ಮಾತಿನ ತಮಿಳನ್ನು ಹಿಡಿಯಲು ನಮ್ಮ ಲಿಪಿ ಬಹಳ ಚೆನ್ನಾಗಿ ಒದಗುತ್ತದೆ. ಕೊನೆಗೆ ಅವರ ಜೊತೆಜೊತೆಗೇ ಜೋರಾಗಿ ಹೇಳಿ, ಅವರ ವೇಗದಲ್ಲೇ, ಅವರು ನುಂಗಿದ ಕಡೆ ನೀವೂ ನುಂಗಿ. ನಾಚಿಕೆ ಅನಿಸಿದರೆ ಅಡುಗೆಮನೆಯ ಬಾಗಿಲು ಹಾಕಿಕೊಳ್ಳಿ, ಆದರೆ ಇದನ್ನು ಬಿಡಬೇಡಿ.

ಹೊರಗೆ ಹೋಗಿ ಕೇಳುವುದಕ್ಕೆ ಬಸ್ಸು ಒಳ್ಳೆ ಜಾಗ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಹೆಂಗಸರಿಗೆ ಸಾಧಾರಣ ದರದ ಬಸ್ಸಿನಲ್ಲಿ ಓಡಾಟ ಉಚಿತ. ವಾರಕ್ಕೆರಡು ದಿನ ಜನ ಕಮ್ಮಿ ಇರುವ ಹೊತ್ತು ನೋಡಿಕೊಂಡು ವೇಳಚ್ಚೇರಿಯಿಂದ ಟಿ. ನಗರಕ್ಕೋ ಅಡ್ಯಾರಿಗೋ ಹೋಗಿ ಬನ್ನಿ, ಹಾಡು ಕೇಳುವ ಇಯರ್‌ಫೋನ್ ಮನೆಯಲ್ಲೇ ಇರಲಿ. ಪಕ್ಕದವರು 'ಎಂಗ ಎರಂಗಣುಂ' ಅಂತ ಕೇಳಿದರೆ ಎಲ್ಲಿ ಇಳಿಯಬೇಕು ಅಂತ. ನಮ್ಮ 'ಇಳಿ', 'ಎರಗು' ಎರಡರ ನೆರಳೂ ಅದರಲ್ಲಿ ಕೇಳಿಸುತ್ತದೆ.

ಮಾತು ಇಂಗ್ಲಿಷಿಗೆ ಜಾರುವ ವಿಷಯ. ಚೆನ್ನೈಯವರು ಇದನ್ನು ಸಹಾಯ ಮಾಡುವ ಮನಸ್ಸಿನಿಂದಲೇ ಮಾಡುತ್ತಾರೆ, ನಮ್ಮ ಬೆಂಗಳೂರಿನವರೂ ಇದನ್ನೇ ಮಾಡಿ ಹೊರಗಿನವರಿಗೆ ಕನ್ನಡ ಕಲಿಯುವ ಅವಕಾಶ ತಪ್ಪಿಸುತ್ತಾರೆ. ನೀವು ನಾಲ್ಕು ಮಾತು ಗಟ್ಟಿ ಮಾಡಿಕೊಳ್ಳಿ, ನಿದ್ದೆಯಲ್ಲಿ ಕೇಳಿದರೂ ಬರಬೇಕು. 'ನಾನ್ ತಮಿಳ್ ಕತ್ತುಕ್ಕುರೇನ್, ತಮಿಳ್ಲಯೇ ಸೊಲ್ಲುಂಗ': ನಾನು ತಮಿಳು ಕಲಿತಾ ಇದ್ದೀನಿ, ತಮಿಳಲ್ಲೇ ಹೇಳಿ. 'ಕೊಂಜಂ ಮೆದುವಾ ಸೊಲ್ಲುಂಗ': ಸ್ವಲ್ಪ ಮೆಲ್ಲಗೆ ಹೇಳಿ. 'ತಿರುಂಬ ಸೊಲ್ಲುಂಗ': ತಿರುಗಿ ಹೇಳಿ. 'ಇದುಕ್ಕು ತಮಿಳ್ಲ ಎನ್ನ?': ಇದಕ್ಕೆ ತಮಿಳಲ್ಲಿ ಏನು. 'ಪುರಿಯಲ' ಅಂದು, ಅರ್ಥ ಆಗಲಿಲ್ಲ ಅಂದು ಸುಮ್ಮನೆ ನಿಂತರೆ ಎದುರಿನವರು ಇಂಗ್ಲಿಷಿಗೆ ಹೋಗುತ್ತಾರೆ. ಪುರಿಯಲ ಜೊತೆಗೆ 'ತಿರುಂಬ ಸೊಲ್ಲುಂಗ' ಸೇರಿಸಿದರೆ ತಮಿಳಲ್ಲೇ ಉಳಿಯುತ್ತಾರೆ. ಮಾತಿಗೆ ಮುಂಚೆ ಅಕ್ಕಾ, ಅಣ್ಣಾ ಇರಲಿ, ಅದು ಎರಡೂ ಕಡೆ ಒಂದೇ.

ಕೇಳುವುದೇ ಸಾಕಾ, ಮಾತಾಡಲೂ ಬೇಕಾ ಅಂತ ಪಂಡಿತರಲ್ಲಿ ಹಳೆಯ ಜಗಳ ಇದೆ. ಕ್ರಾಶನ್ ಕೇಳುವುದರ ಕಡೆ. ಕೆನಡಾದ ಮೆರಿಲ್ ಸ್ವೇನ್ 1985ರಲ್ಲಿ ಬೇರೆ ಮಾತು ಹೇಳಿದರು. ಅಲ್ಲಿ ಇಂಗ್ಲಿಷ್ ಮನೆಯ ಮಕ್ಕಳು ಶಾಲೆಯಲ್ಲಿ ವರ್ಷಗಟ್ಟಲೆ ಎಲ್ಲ ಪಾಠವನ್ನೂ ಫ್ರೆಂಚ್‌ನಲ್ಲೇ ಕೇಳಿ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು, ಆದರೆ ಮಾತಾಡುವಾಗ ವ್ಯಾಕರಣ ತಪ್ಪುತ್ತಲೇ ಇತ್ತು. ಅವರಿಗೆ ಬಾಯಿ ಬಿಟ್ಟು ಪೂರ್ತಿ ವಾಕ್ಯ ಹೇಳಬೇಕಾದ ಸಂದರ್ಭವೇ ಕಮ್ಮಿ ಇತ್ತು ಅಂತ ಸ್ವೇನ್ ವಾದ. ನಾನು ಸ್ವೇನ್ ಪಕ್ಷ, ಅದರಲ್ಲೂ ಕನ್ನಡದವರು ತಮಿಳು ಕಲಿಯುವಾಗ. ಅರ್ಥವಾಗುವುದು ನಮಗೆ ಬೇಗ ಬಂದುಬಿಡುತ್ತದೆ, ಅಲ್ಲಿಗೇ ಎಷ್ಟೋ ಜನ ನಿಂತುಬಿಡುತ್ತಾರೆ. ಚೆನ್ನೈಯಲ್ಲಿ 20 ವರ್ಷ ಇದ್ದು 'ಅರ್ಥ ಆಗುತ್ತೆ, ಮಾತಾಡಲು ಬರಲ್ಲ' ಅನ್ನುವ ಕನ್ನಡಿಗರನ್ನು ನಾನು ಎಷ್ಟೊಂದು ಕಂಡಿದ್ದೇನೆ. ಮೊದಲ ಎರಡು ಮೂರು ವಾರ ಕೇಳುವುದಕ್ಕೆ ಜಾಸ್ತಿ ಹೊತ್ತು ಕೊಡಿ, ಆಮೇಲೆ ದಿನಕ್ಕೆ ಒಂದಾದರೂ ಪೂರ್ತಿ ವಾಕ್ಯ ಒಬ್ಬ ಮನುಷ್ಯರಿಗೆ ಹೇಳಿ. ಕನ್ನಡ ಬೆರೆತು ಬಂದರೂ ಪರವಾಗಿಲ್ಲ.

ಮಗನ ಜೊತೆ ಹೋಲಿಸಿಕೊಳ್ಳಬೇಡಿ. ಅವನ ಉಚ್ಚಾರ ನಿಮಗಿಂತ ಚೆನ್ನಾಗಿ ಬರುತ್ತದೆ, ಅದು ನಿಜ. ಆದರೆ ಅವನು ಬೇಗ ಕಲಿತದ್ದಕ್ಕೆ ಇನ್ನೊಂದು ಕಾರಣ ಇದೆ: ಅವನಿಗೆ ದಿನಕ್ಕೆ ಆರು ಗಂಟೆ ಅದೇ ಗೆಳೆಯರು, ಅದೇ ಆಟ, ಅದೇ ಜಗಳ. ನಿಮಗೆ ಆರು ನಿಮಿಷವೂ ಇರಲಿಲ್ಲ. ದೊಡ್ಡವರಾದ ಮೇಲೆ ಬಂದು ಕಲಿತವರು ಬೇಕಾದಷ್ಟು ಇದ್ದಾರೆ. ಮನೆಮಾತು ಮರಾಠಿ, ಬೆಳೆದ ಊರು ಬೆಂಗಳೂರು, ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ 1970ರ ದಶಕದಲ್ಲಿ ಮದ್ರಾಸಿಗೆ ಹೋದಾಗ ಇಪ್ಪತ್ತು ದಾಟಿತ್ತು, ತಮಿಳು ಮಾತಾಡಲು ಕಲಿ ಅಂತ ನಿರ್ದೇಶಕ ಬಾಲಚಂದರ್ ಹೇಳಿದ ಮೇಲೆ ಕಲಿತರು. ಮಗನನ್ನು ಮೇಷ್ಟ್ರು ಮಾಡಿಕೊಳ್ಳಿ, ಸಂಜೆ ಅರ್ಧ ಗಂಟೆ ಮನೆಯಲ್ಲಿ ತಮಿಳು ಮಾತ್ರ ಅಂತ ಇಟ್ಟುಕೊಳ್ಳಿ. ಅಮ್ಮನನ್ನು ತಿದ್ದುವುದು ಅವನಿಗೂ ಖುಷಿ.

ಕ್ಲಾಸಿಗೆ ಸೇರಬಹುದು, ಆದರೆ ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಮಾತಿನ ತಮಿಳು ಕಲಿಸುತ್ತೀರಾ, ಬರಹದ ತಮಿಳಾ? ಮೊದಲ ದಿನವೇ ಅಕ್ಷರ ಬರೆಸಿದರೆ ಎದ್ದು ಬನ್ನಿ, ನಿಮಗೆ ಅದು ಆಗಲೇ ಬರುತ್ತದೆ. ಮೈಸೂರಿನಲ್ಲಿ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನದ ಕೆಲಸ ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು, ದಕ್ಷಿಣದ ಭಾಷೆಗಳನ್ನು ಬೇರೆ ಭಾಷೆಯವರಿಗೆ ಕಲಿಸುವುದಕ್ಕೆಂದೇ ಅಲ್ಲಿ ಒಂದು ಕೇಂದ್ರವಿದೆ. ಅಲ್ಲಿಯ ತರಗತಿ ಶಾಲಾ ಶಿಕ್ಷಕರಿಗೆ, ತಿಂಗಳುಗಟ್ಟಲೆ ಅಲ್ಲೇ ಇದ್ದು ಕಲಿಯಬೇಕು, ನಿಮಗೆ ಅದು ಹೊಂದುವುದಿಲ್ಲ. ನಿಮ್ಮ ಬೀದಿಯೇ ಸಾಕು.

ನಾಳೆ ಸಂಜೆ ದೇವಸ್ಥಾನದ ಹತ್ತಿರ ಹೂ ಮಾರುವವರ ಬಳಿ ಹೋಗಿ. ಅಲ್ಲೂ ಹೂವನ್ನು ಮೊಳದಲ್ಲೇ ಅಳೆಯುತ್ತಾರೆ, ಮೊಳಂ ಅನ್ನುತ್ತಾರೆ. 'ಅಕ್ಕಾ, ಮಲ್ಲಿಪ್ಪೂ ಒರು ಮೊಳಂ ಎವ್ಳೋ?' ಅಂತ ಕೇಳಿ. ಅವರು ಹೇಳುವ ಬೆಲೆ ತಿಳಿಯದಿದ್ದರೆ ದುಡ್ಡು ಮುಂದೆ ಹಿಡಿದು ತೋರಿಸಬೇಡಿ, 'ತಿರುಂಬ ಸೊಲ್ಲುಂಗ' ಅನ್ನಿ. ಹೂ ತೆಗೆದುಕೊಂಡು ಹೊರಡುವಾಗ 'ಪೋಯಿಟ್ಟು ವರೇನ್' ಅನ್ನಿ. ಮಾರನೇ ದಿನವೂ ಅವರ ಬಳಿಯೇ ಹೋಗಿ. ಎರಡು ವಾರ ಬಿಟ್ಟು ಅವರು ನಿಮ್ಮನ್ನು ಏನು ಕೇಳಿದರು ಅಂತ ನನಗೆ ಬರೆಯಿರಿ, ಕಿವಿಗೆ ಬಿದ್ದ ಹಾಗೆ, ಕನ್ನಡ ಲಿಪಿಯಲ್ಲೇ.